ಕೆಂಪು ವಿಮಾನದ ಎಡಮಗ್ಗುಲು

ಬಹಳ ಹಿಂದೆ, ಗಾಳಿಯನ್ನೇ ದೇವರೆಂದು ಪೂಜಿಸುತ್ತಿದ್ದ ಪವನಾವತಿಯೆಂಬ ರಾಜ್ಯದಲ್ಲಿ ಕುದುರೆಗಳ ಬದಲು ಪುಟ್ಟ ವಿಮಾನಗಳಿದ್ದವು. ಮೂತಿಯಲ್ಲೊಂದು ಪಂಖ, ಒಳಗೊಬ್ಬ ಸವಾರ, ಅಷ್ಟೇ. ಅಲ್ಲಿ ಸಿಂಗಾರಿ ಎಂಬವಳು ಕ್ಯಾಮೆರಾ ಹಿಡಿದು ವಿಮಾನಗಳ ಚಿತ್ರ ತೆಗೆಯುತ್ತಿದ್ದಳು. ರೆಕ್ಕೆಯ ಬಾಗು, ಪಂಖದ ಅಲಗು, ಬಾಲದ ಹೊಲಿಗೆ ಎಲ್ಲವನ್ನೂ ಕಣ್ತುಂಬ ನೋಡುವಳು. ಗಂಡ ಮಾಚಯ್ಯನ ಕೆಂಪು ವಿಮಾನದ ಚಿತ್ರವಂತೂ ಕೋಟೆಯ ಬಾಗಿಲಲ್ಲೇ ತೂಗುತ್ತಿತ್ತು.

ಒಂದು ದಿನ ಜಡಕೇತನೆಂಬ ಪಾಪಿ ಮಾಂತ್ರಿಕ, ಹಾರುತ್ತಿದ್ದ ಮಾಚಯ್ಯನನ್ನು ಅವನ ವಿಮಾನದೊಳಗೇ ಕರಗಿಸಿಬಿಟ್ಟ. ಸಿಂಗಾರಿ ಎದ್ದೆನೋ ಬಿದ್ದೆನೋ ಎಂದು ಜಡಕೇತನ ಬಯಲಿಗೆ ಓಡಿದಳು. ಅಲ್ಲಿ ಹೀಗೇ ಕರಗಿಹೋದ ಸವಾರರ ವಿಮಾನಗಳು ಸಾಲಾಗಿದ್ದವು. ಅವರನ್ನು ಬಿಡಿಸಲು ಬಂದ ಹೆಂಡಿರು ಕಲ್ಲಾಗಿ ನಿಂತಿದ್ದರು.

"ಮೂರು ಸಲ ಗಂಡನ ವಿಮಾನ ಗುರುತಿಸು, ಎಲ್ಲರನ್ನೂ ಬಿಡ್ತೀನಿ. ತಪ್ಪಿದರೆ ನೀನೂ ಕಲ್ಲು ಕಣೇ," ಎಂದ ಜಡಕೇತ.

ಮೊದಲ ಸಲ ಎಲ್ಲಕ್ಕೂ ಮಸಿ ಬಳಿದ. ರೆಕ್ಕೆಯ ತುದಿ ತುಸು ಮೇಲೆದ್ದದ್ದನ್ನು ನೋಡಿ ಸಿಂಗಾರಿ ಗುರುತಿಸಿದಳು. ಎರಡನೆಯ ಸಲ ಮಂಜು ಕವಿಸಿ, ಪಂಖಗಳನ್ನಷ್ಟೇ ಕಾಣಿಸಿದ. ಒಂದರ ಅಲಗು ಕಲ್ಲು ಸಿಡಿದು ಮುಕ್ಕಾಗಿತ್ತು; ಮಾಚಯ್ಯ ಅದನ್ನು ಅರದಿಂದ ಉಜ್ಜಿ ನಯ ಮಾಡಿದ್ದ. "ಇದೇ," ಎಂದಳು.

ಜಡಕೇತನಿಗೆ ಸಿಟ್ಟು ನೆತ್ತಿಗೇರಿತು. ಅವನ ನಕಲು ಮಾಡುವ ಮಾಟ ಚಿತ್ರವಿದ್ದರೆ ಮಾತ್ರ ನಡೆಯುತ್ತಿತ್ತು. ಕೋಟೆಯ ಬಾಗಿಲಿನ ಚಿತ್ರವನ್ನು ಕದ್ದು ತಂದು, ಅದನ್ನು ನೋಡಿಕೊಂಡು ಉಳಿದ ವಿಮಾನಗಳನ್ನೆಲ್ಲ ಮಾಚಯ್ಯನದರ ಪಡಿಯಚ್ಚು ಮಾಡಿದ. ಅದೇ ಕೆಂಪು, ಅದೇ ಬಾಗು, ಅದೇ ಮುಕ್ಕು. ತಾನು ಪ್ರೀತಿಯಿಂದ ತೆಗೆದ ಚಿತ್ರವೇ ಗಂಡನಿಗೆ ಮೃತ್ಯುವಾಯಿತಲ್ಲ ಎಂದು ಸಿಂಗಾರಿ ಅತ್ತಳು. ತಡವಾದಂತೆ ಅವಳ ಪಾದ ಕಲ್ಲಾಗತೊಡಗಿತು.

ಆಗ ಹೊಳೆಯಿತು. ಪವನಾವತಿಯಲ್ಲಿ ವಿಮಾನದ ಚಿತ್ರವನ್ನು ಬಲಗಡೆಯಿಂದಲೇ ತೆಗೆಯಬೇಕು, ಎಡಮಗ್ಗುಲು ತೋರಿಸಿದರೆ ಅಪಶಕುನ. ಚಿತ್ರದಲ್ಲಿ ಕಾಣದ ಮಗ್ಗುಲನ್ನು ಈ ಮೂಢ ನಕಲು ಮಾಡುವುದಾದರೂ ಹೇಗೆ? ಅವಳು ಭಾರವಾದ ಕಾಲೆಳೆಯುತ್ತ ಎಡಗಡೆಗೆ ಹೋದಳು. ಎಲ್ಲವೂ ತೊಳೆದಿಟ್ಟ ತಟ್ಟೆಯಂತೆ ನುಣ್ಣಗಿದ್ದವು. ಒಂದರ ಮೇಲೆ ಮಾತ್ರ ಎಂಜಿನ್ನಿನ ಎಣ್ಣೆ ಸೋರಿ ಹಿಂದಕ್ಕೆ ಹರಿದ ಕಪ್ಪು ಗೆರೆಗಳಿದ್ದವು. ಅದಕ್ಕೆ ಕೆನ್ನೆಯೊತ್ತಿ, "ಇವರೇ ನಮ್ಮ ಯಜಮಾನರು!" ಎಂದು ಕೂಗಿದಳು.

ಪಣ ಸೋತ ಜಡಕೇತ ಬೂದಿಯಾದ. ಕಲ್ಲುಗಳು ಹೆಂಗಸರಾದವು, ವಿಮಾನಗಳಿಂದ ಸವಾರರು ಇಳಿದರು. ಮಾಚಯ್ಯನೂ ಇಳಿದ. ಕರಗಿದ್ದ ಮಾಟದ ದೆಸೆಯಿಂದ ತಲೆಗೂದಲೆಲ್ಲ ಬೆಳ್ಳಗಾಗಿತ್ತು, ನೆನಪು ಅಳಿಸಿತ್ತು. ಸಿಂಗಾರಿಯನ್ನು ದಿಟ್ಟಿಸಿ, "ಯಾರಮ್ಮಾ ನೀನು?" ಎಂದ.

ಅವಳ ಎದೆ ಒಡೆಯಿತು. ಆದರೂ ಕೈ ಹಿಡಿದು, "ಗುರುತು ಹಿಡಿಯೋದು ನನ್ನ ಕೆಲಸ. ನೀವು ಸುಮ್ನೆ ಬನ್ನಿ," ಎಂದಳು.

ಅವನು ಬಂದ. ಪವನಾವತಿಯಲ್ಲಿ ಎಲ್ಲರೂ ಸುಖವಾಗಿದ್ದರು. ಇವರಿಬ್ಬರು ಹೊಸದಾಗಿ ಪರಿಚಯ ಮಾಡಿಕೊಂಡು ಸುಖವಾಗಿದ್ದರು.