ನಾಗರತ್ನ ಟೀ ಮುಟ್ಟಿರಲಿಲ್ಲ

ಮಚ್ಚು ನನ್ನ ಕುತ್ತಿಗೆಯಿಂದ ಎರಡು ಬೆರಳು ದೂರದಲ್ಲಿತ್ತು.

ಹಿಡಿದಿದ್ದೋನು ಚಂದ್ರಕುಮಾರ, ಸೋಮೇಶನ ಟ್ರೆಕಿಂಗ್ ಕ್ಯಾಂಪಿನ ಕಾವಲುಗಾರ. ಎರಡೂ ಕೈಲಿ ಹಿಡ್ಕೊಂಡು ಸೋಮೇಶನ ಕಡೆಗೇ ನೋಡ್ತಿದ್ದ. ಅದೇ ಡೇಂಜರ್ ಸ್ವಾಮಿ. ಕಸುಬು ಗೊತ್ತಿರೋನು ಸುಮ್ಸುಮ್ನೆ ಬೀಸಲ್ಲ. ಹೆದರಿದೋನು ಬೀಸ್ತಾನೆ.

ನಾನು ಜೀಪಿನ ಇಂಜಿನ್ ಆಫ್ ಮಾಡಲಿಲ್ಲ.

"ಇಳಿಲಾ ರಂಗ," ಅಂದ ಸೋಮೇಶ, ಬಾನೆಟ್ ಮೇಲೆ ಕೈಯೂರಿ. "ಆವಮ್ಮ ಬೆಳಿಗ್ಗೇನೇ ಬಸ್ ಹತ್ಕೊಂಡು ಒಂಟೋದ್ಲು. ಕಾಡಲ್ಲಿ ಯಾರೂ ಇಲ್ಲ ಕಣ."

"ಯಾವ ಬಸ್ಸು?"

"ಯಾವ್ದೋ ಒಂದು."

"ಬಟ್ಟೆಬರೆ ಎಲ್ಲಾ ಟೆಂಟಲ್ಲೇ ಬುಟ್ಟು?"

ಸೋಮೇಶ ಬಾನೆಟ್ ಮೇಲಿಂದ ಕೈ ತೆಗೆದ.

ನಾನು ರಂಗನಾಯಕ. ಹದಿನಾಲ್ಕು ವರ್ಷ ಕಾಡಲ್ಲಿ ಟೆಂಪರರಿ ವಾಚರ್ ಆಗಿದ್ದೆ. ಒಂದಿನ ನಾಳೆಯಿಂದ ಬರಬೇಡ ಅಂದ್ರು. ಈಗ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಎದುರು ಜೀಪು ನಿಲ್ಲಿಸ್ಕೊಂಡಿರ್ತೀನಿ. ಮನೆ ಬಿಟ್ಟು ಓಡಿದೋರು, ಕಾಡಿಗೆ ನುಗ್ಗಿ ವಾಪಸ್ ಬರದೇ ಇದ್ದೋರು... ಇಂಥವರನ್ನ ಹುಡುಕಿ ಕೊಡೋದು ನನ್ನ ಕೆಲಸ.

ಆವತ್ತು ಮಧ್ಯಾಹ್ನ ಹನ್ನೆರಡಕ್ಕೆ ಫೋನ್ ಮಾಡಿದ್ದು ಭವ್ಯ. ಮೈಸೂರಿನ ಹುಡುಗಿ, ಇಪ್ಪತ್ತಾರು ಇರಬಹುದು. ಕ್ಯಾಂಪಿನ ಗೇಟಲ್ಲಿ ಜೀಪು ಹತ್ತಿದ್ಲು, ಈಗ ನನ್ನ ಪಕ್ಕದ ಸೀಟಲ್ಲೇ ಕೂತು ಮಚ್ಚನ್ನೇ ನೋಡ್ತಿದ್ಲು.

ಸೋಮೇಶನ ದಂಧೆ ಏನು ಅಂದ್ರೆ, 'ಸಿಂಗಲ್ಸ್ ಟ್ರೆಕ್'. ಒಂಟಿ ಜನ ಗುರುತಿಲ್ಲದೋರ ಜೊತೆ ಸೇರ್ಕೊಂಡು ಎರಡು ದಿನ ಗುಡ್ಡ ಹತ್ತೋದು. ಯಾರ ಊರೂ ಕೇಳಂಗಿಲ್ಲ, ಕೆಲಸ ಕೇಳಂಗಿಲ್ಲ, ಮದುವೆ ಸುದ್ದಿ ಎತ್ತಂಗಿಲ್ಲ. ಕರೆಯೋಕೆ ಒಂದು ಹೆಸರಿದ್ರೆ ಸಾಕು. ಆ ಸಲ ಹನ್ನೆರಡು ಜನ ಬಂದಿದ್ರು. ಬೆಂಗಳೂರು, ಮೈಸೂರು, ಕೊಚ್ಚಿ, ಕೊಯಮತ್ತೂರು. ಒಬ್ಬಳು ಮಾತ್ರ ಇಲ್ಲೇ ಉಮ್ಮತ್ತೂರಿನೋಳು. ನಾಗರತ್ನ. ಗ್ರೂಪಿಗೆ ಬರೀ ರತ್ನಾ.

ಭವ್ಯ ಫೋನಲ್ಲಿ ಹೇಳಿದ್ದಿಷ್ಟು.

"ಅಣ್ಣಾ, ನನ್ನ ಟೆಂಟಲ್ಲಿದ್ದ ಆಂಟಿ ಕಾಣ್ತಿಲ್ಲ. ಗುಡ್ಡದಿಂದ ಎರಡು ಜೀಪಲ್ಲಿ ವಾಪಸ್ ಬಂದ್ವಿ. ಇನ್ನೊಂದ್ರಲ್ಲಿ ಇದ್ದಾರೆ ಅಂದ್ಕೊಂಡೆ. ಅದ್ರಲ್ಲಿದ್ದೋರು ನಮ್ಮ ಜೀಪಲ್ಲಿದ್ದಾರೆ ಅಂದ್ಕೊಂಡಿದ್ರು."

"ಕೊನೇಲಿ ಎಲ್ಲಿ ನೋಡ್ದೆ?"

"ಬೆಳಿಗ್ಗೆ ಏಳಕ್ಕೆ, ಹತ್ತೋ ದಾರೀಲಿ. 'ಐದು ನಿಮಿಷ ಕಣವ್ವ, ನೀನು ನಡಿ' ಅಂದ್ರು. ಟಾಯ್ಲೆಟ್ಟಿಗೆ ಅಂದ್ಕೊಂಡು ಮುಂದೆ ಹೋದೆ."

"ಏನ್ ತಿಂದಿದ್ರು?"

"ಏನೂ ಇಲ್ಲ. ಟೀನೂ ಮುಟ್ಟಲಿಲ್ಲ, ನೀರೂ ಮುಟ್ಟಲಿಲ್ಲ."

"ಕೊರಳಲ್ಲಿ ಏನಾದ್ರೂ ಇತ್ತಾ?"

"ದಾರದಲ್ಲಿ ಒಂದು ಬೆಳ್ಳಿ ಡಬ್ಬಿ... ಸಣ್ಣದು."

ನನಗೆ ಅಷ್ಟು ಸಾಕಾಗಿತ್ತು. ಅದು ಕರಡಿಗೆ, ಒಳಗೆ ಇಷ್ಟಲಿಂಗ. ನಿಷ್ಠೆ ಇರೋ ಮನೆಯೋರು ಮೈತೊಳೆದು, ಲಿಂಗ ಅಂಗೈಯಲ್ಲಿಟ್ಟು ಪೂಜೆ ಮಾಡ್ದೆ ಒಂದು ಗುಟುಕು ನೀರೂ ಕುಡಿಯಲ್ಲ. ಕ್ಯಾಂಪಲ್ಲಿ ಇದ್ದದ್ದು ಒಂದೇ ನಲ್ಲಿ, ಸುತ್ತ ಫೋನ್ ಹಿಡ್ಕೊಂಡ ಹೊಸ ಮುಖಗಳು. ಆವಮ್ಮನಿಗೆ ಸಂಕೋಚ. ದಾರೀಲಿ ನೀರು ಸಿಕ್ಕಾಗ ಮಾಡ್ಕೊಂಡ್ರಾಯ್ತು ಅಂತ ಹಸ್ಕೊಂಡೇ ನಡೆದಿದ್ದಾಳೆ. ಆ ದಾರೀಲಿ ನೀರಿರೋದು ಒಂದೇ ಕಡೆ, ಬಿದಿರುಹಳ್ಳದಲ್ಲಿ.

"ಸೋಮೇಶ," ಅಂದೆ. "ನೀನೂ ಲಿಂಗ ಕಟ್ಟಿರೋನೇ ಅಲ್ವೇನ್ಲಾ? ಟೀ ಮುಟ್ಟದೇ ಇದ್ದೋರು ಎತ್ಲಾಗೆ ಓಗವ್ರೆ ಅಂತ ನಿಂಗೆ ಒಳೀನಿಲ್ವಾ?"

ಸೋಮೇಶ ದನಿ ತಗ್ಗಿಸ್ದ.

"ಪರ್ಮಿಷನ್ ಇಲ್ದೆ ಒಳಕ್ಕೆ ಕರ್ಕೊಂಡೋಗಿದ್ದೆ ಕಣ್ಲಾ. ಗೊತ್ತಾದ್ರೆ ಕ್ಯಾಂಪಿಗೆ ಬೀಗ ಹಾಕ್ತಾರೆ. ಈ ಜನಾನೆಲ್ಲ ಕಳಿಸ್ಬುಟ್ಟು ಸಾಯಂಕಾಲ ನಾನೇ ನೋಡ್ತೀನಿ ಬುಡು."

"ಸಾಯಂಕಾಲ ಹಳ್ಳಕ್ಕೆ ಆನೆ ಬತ್ತವೆ."

ರಿವರ್ಸ್ ಹಾಕ್ದೆ. ಮಚ್ಚು ಕಿವಿ ಸವರ್ಕೊಂಡು ಹೋಯ್ತು. ಬಿಸಿ ರಕ್ತ ಇಳೀತು. ಭವ್ಯ ಕಿರುಚಲಿಲ್ಲ... ದುಪಟ್ಟಾ ತೆಗೆದು ನನ್ನ ಕಿವಿಗೆ ಒತ್ತಿ ಹಿಡಿದ್ಲು. ಗಟ್ಟಿ ಹುಡುಗಿ.

ಹಿಂದೆ ಸೋಮೇಶನ ಬೊಲೆರೊ ಬಂತು. ಸೂರ್ಯಕಾಂತಿ ಹೊಲದ ಬದುವಿಗೆ ಜೀಪು ಇಳಿಸ್ದೆ. ಹೂವು ನೋಡೋಕೆ ಬಂದ ಕೇರಳದ ಟೂರಿಸ್ಟುಗಳು ಫೋಟೊ ತೆಗೆಸ್ಕೊಳ್ತಾ ನಿಂತಿದ್ರು, ಬೈಕೊಂಡು ಚೆದುರಿದ್ರು. ಅದರಾಚೆ ಈರುಳ್ಳಿ ಹೊಲ. ಬೆಳಿಗ್ಗೆ ನೀರು ಬಿಟ್ಟಿದ್ದು ನನಗೆ ಗೊತ್ತಿತ್ತು, ಬಳಸ್ಕೊಂಡು ಹೋದೆ. ಸೋಮೇಶ ನೆಟ್ಟಗೆ ನುಗ್ಗಿ ಹೂತ್ಕೊಂಡ.

ಬಿದಿರುಹಳ್ಳದಲ್ಲಿ ಆವಮ್ಮ ಇದ್ಲು.

ಬಂಡೆ ಕೆಳಗೆ, ಅರ್ಧ ಮೈ ನೀರಲ್ಲಿ. ಹಣೆ ಮೇಲೆ ವಿಭೂತಿ ಇನ್ನೂ ಅಳಿಸಿರಲಿಲ್ಲ. ಪೂಜೆ ಮುಗಿಸಿ ಏಳುವಾಗ ಹೊಸ ಶೂ ಪಾಚಿ ಮೇಲೆ ಜಾರಿದೆ. ಎಡಗೈ ಮುಷ್ಟಿ ಬಿಗಿದಿತ್ತು, ಲಿಂಗ ಅದರೊಳಗೇ ಇತ್ತು. ಉಸಿರಿತ್ತು ಸ್ವಾಮಿ... ಉಸಿರಿತ್ತು.

ಹೆಗಲ ಮೇಲೆ ಹೊತ್ಕೊಂಡು ಬಂದು ಜೀಪಲ್ಲಿ ಮಲಗಿಸ್ದೆ. ಭವ್ಯ ತಲೆನ ತೊಡೆ ಮೇಲಿಟ್ಕೊಂಡ್ಲು.

ಊರ ರಸ್ತೆಗೆ ಬಂದ್ರೆ ಸೋಮೇಶನ ಟೆಂಪೊ ಅಡ್ಡ ನಿಂತಿತ್ತು. ಒಳಗೆ ಉಳಿದ ಹತ್ತು ಜನ, ಕಳಿಸೋಕೆ ತುಂಬಿದ್ದ. ಡ್ರೈವರ್ ಕೀ ಕಿತ್ಕೊಂಡು ಕೆಳಗೆ ನಿಂತಿದ್ದ.

"ಅಣ್ಣ ಹೇಳೋಗಂಟ ಬುಡಕಾಗಲ್ಲ."

ಕಿಟಕಿ ಹತ್ರ ಹೋಗಿ ಕೂಗ್ದೆ. "ನಿಮ್ ಜೊತೆ ಬಂದೋರು ಸಾಯ್ತಾವ್ರೆ. ಇಳ್ದು ಬಂದು ಇವನಿಗೆ ಹೇಳ್ರಪ್ಪಾ."

ಗಾಜಿನ ಹಿಂದೆ ಹತ್ತು ಮುಖ. ಇಬ್ಬರು ವಿಡಿಯೊ ಮಾಡ್ತಿದ್ರು. ಒಬ್ಬರೂ ಇಳೀಲಿಲ್ಲ. ಕೆಟ್ಟೋರು ಅಂತಲ್ಲ ಸ್ವಾಮಿ, ಯಾರಾದ್ರೂ ಒಬ್ಬರು ಇಳೀತಾರೆ ಅಂತ ಎಲ್ಲಾರೂ ಕಾಯ್ತಿದ್ರು. ನಾನು ಡ್ರೈವರ್ ಕೈ ತಿರುವಿ ಕೀ ಕಿತ್ಕೊಂಡು ಟೆಂಪೊ ಸರಿಸೋ ಹೊತ್ತಿಗೆ ಇಪ್ಪತ್ತು ನಿಮಿಷ ಹೋಗಿತ್ತು.

ಚಾಮರಾಜನಗರದ ರಸ್ತೇಲಿ ಆವಮ್ಮ ಕಣ್ಣು ಬಿಟ್ಲು.

"ಕೂಗ್ದೆ ಕಣಪ್ಪ," ಅಂದ್ಲು. "ಬಾಳ ಕೂಗ್ದೆ. ಯಾರ ಹೆಸ್ರಿಡಿದು ಕೂಗೋದು ಅಂತ ತಿಳೀನಿಲ್ಲ. ಒಬ್ಬರದ್ದೂ ಗ್ಯಾನಕ್ಕೆ ಬರ್ನಿಲ್ಲ."

"ನಾನು ಭವ್ಯ, ಆಂಟಿ."

"ಭವ್ಯ... ಒಳ್ಳೆ ಹೆಸರು ಕಣಮ್ಮಿ."

ತೆರಕಣಾಂಬಿ ದಾಟಿದ ಮೇಲೆ ಮಾತಾಡಲಿಲ್ಲ. ಹೊಟ್ಟೆಯೊಳಗೆ ರಕ್ತ ಇಳಿದಿತ್ತಂತೆ. ಆಸ್ಪತ್ರೇಲಿ ಡಾಕ್ಟರು ನನ್ನ ಕಿವಿಗೆ ಹೊಲಿಗೆ ಹಾಕ್ತಾ ಮೆತ್ತಗೆ ಹೇಳಿದ್ರು, ಸ್ವಲ್ಪ ಮುಂಚೆ ತಂದಿದ್ರೆ ಉಳೀತಿದ್ರು ಅಂತ. ನಾನು ಇಂಥ ಮಾತು ಬೇಕಾದಷ್ಟು ಕೇಳಿದ್ದೀನಿ. ಆದ್ರೂ ಆಚೆ ಬಂದು ಜೀಪಿನ ಹಿಂದೆ ನಿಂತು ಅತ್ತೆ. ಅದನ್ನ ಯಾರಿಗೂ ಹೇಳಬೇಡಿ.

ಮಾರನೇ ದಿನ ಉಮ್ಮತ್ತೂರಲ್ಲಿ ಮಣ್ಣು. ಆವಮ್ಮನ ಉಳಿದ ಕತೆ ಅಲ್ಲೇ ತಿಳೀತು. ಹಾಸಿಗೆ ಹಿಡಿದ ತಾಯಿನ ಹದಿನೆಂಟು ವರ್ಷ ನೋಡ್ಕೊಂಡಿದ್ದಳಂತೆ, ಮದುವೆ ಆಗದೆ. ತಾಯಿ ಹೋಗಿ ಆರು ತಿಂಗಳು. ಔಷಧಿ ತರೋಕೆ ಹೋಗುವಾಗೆಲ್ಲ ಬಸ್ಸಿನ ಕಿಟಕೀಲಿ ನೋಡ್ತಿದ್ದ ಗುಡ್ಡಾನ ಒಂದು ಸಲ ಹತ್ತಬೇಕು ಅಂತ ಆಸೆ. ಹೆಂಗಸು ಒಬ್ಬಳೇ ಹೋದ್ರೆ ಊರೋರು ಏನಂತಾರೆ ಅಂತ ಗ್ರೂಪ್ ಸೇರಿದ್ದಾಳೆ.

ಅವರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡೋದು. ಎಡಗೈಯಲ್ಲಿ ಲಿಂಗ ಇಡಬೇಕು. ಸ್ವಾಮಿಗಳು ಮುಷ್ಟಿ ಬಿಡಿಸೋಕೆ ಹೋದ್ರು, ಆಗಲಿಲ್ಲ.

"ಬುಡಿ ಬುದ್ಧಿ, ಅವ್ಳೇ ಇಡ್ಕಂಡವ್ಳಲ್ಲ," ಅಂದ್ಲು ನಾಗರತ್ನಳ ಚಿಕ್ಕಮ್ಮ ಪುಟ್ಟಬಸಮ್ಮ. ಆಮೇಲೆ ನನ್ನ ಹತ್ರ ಬಂದ್ಲು. "ಯಾರ ಜೊತೆ ಓಗಿದ್ಲಪ್ಪ ನಮ್ ರತ್ನ?"

"ಸ್ನೇಹಿತ್ರ ಜೊತೆ ಕಣವ್ವಾ. ಹನ್ನೊಂದು ಜನ."

"ಅಷ್ಟೊಂದು ಜನವಾ?" ಮುದುಕಿ ಮುಖ ಒಂಚೂರು ಅರಳಿತು. "ಹೇಳ್ಕೊಂಡೇ ಇರ್ನಿಲ್ಲ ನೋಡು. ಬತ್ತಾರಾ ಅವ್ರು?"

"ಬತ್ತಾರೆ," ಅಂದ್ಬುಟ್ಟೆ. ಬಾಯಿಗೆ ಬಂದಿದ್ದೇ ಅದು.

ಮುದುಕಿ ಮಾತಿಗೆ ಜನ ನಾಲ್ಕು ಗಂಟೆವರೆಗೂ ಕಾದರು. ಗುಂಡಿ ಪಕ್ಕ ಭವ್ಯ ಒಬ್ಬಳೇ ನಿಂತಿದ್ಲು. ಆಮೇಲೆ ಮಣ್ಣೆಳೆದರು.

ಸೋಮೇಶ ಒಳಗಿದ್ದಾನೆ. ಜಾಮೀನು ಸಿಗುತ್ತೆ, ನನಗೆ ಗೊತ್ತು.

ವಾಪಸ್ ಬರುವಾಗ ಭವ್ಯ ಫೋನ್ ನನ್ನ ಕೈಗೆ ಕೊಟ್ಲು. ಟ್ರೆಕ್ಕಿನ ವಾಟ್ಸಾಪ್ ಗ್ರೂಪ್. ಸಾಲಾಗಿ ಕೈ ಮುಗಿದ ಚಿತ್ರಗಳು. ಕೆಳಗೆ ಒಬ್ಬ ಕೇಳಿದ್ದ, ರತ್ನಾ ಅಂದ್ರೆ ಯಾರು, ಕೆಂಪು ಬ್ಯಾಗಿನವರಾ ಅಂತ. ಇನ್ನೊಬ್ಬ ಹೌದು ಅಂದಿದ್ದ.

ಕೆಂಪು ಬ್ಯಾಗು ಭವ್ಯಂದು.