ಇಳಿತದಲ್ಲಿ ಬಿಟ್ಟ ಜಂಗಲ್

ಸೂರ ಕುಡಿದು ಹೊಳೆ ದಾಟಿಸುವ ಜಂಗಲ್ ನಡೆಸಿದ, ಅದರಿಂದಲೇ ಸತ್ತ ಎಂದು ದಫೇದಾರರು ಪಂಚನಾಮೆಯಲ್ಲಿ ಬರೆದರು. ಸೂರ ಕುಡಿದಿರಲಿಲ್ಲ. ಕಾಗದಕ್ಕೆ ಇನ್ನೊಂದೇ ಸಹಿ ಬಾಕಿಯಿತ್ತು. ಅದು ದಡದಲ್ಲಿ ನಿಂತು ಎಲ್ಲವನ್ನೂ ನೋಡಿದ್ದ ಕುಸುಮಾವತಿಯದು.

ಐದು ದಿನಗಳ ಹಿಂದೆ ಸೂರ ಎಂಬ ಹೆಸರು ಕೂಡ ಅವಳಿಗೆ ಗೊತ್ತಿರಲಿಲ್ಲ.

ಅದು ಐವತ್ತೆಂಟನೇ ಇಸವಿ. ಬೊಂಬಾಯಿಯಲ್ಲಿ ಹೋಟೆಲ್ ನಡೆಸುತ್ತಿದ್ದ ಅವಳ ಸೋದರಮಾವ ಅಣ್ಣಯ್ಯ ಶೆಟ್ಟರು ಜೀಪಿನ ಬೆನ್ನಿಗೆ ಒಂದು ಗಾಲಿಮನೆ ಕಟ್ಟಿಕೊಂಡು ಊರಿಗೆ ಬಂದಿದ್ದರು. ಅವರು ಅದನ್ನು ಕ್ಯಾರವಾನ್ ಎನ್ನುತ್ತಿದ್ದರು. ಒಳಗೆ ಮಡಚುವ ಮಂಚ, ಪಂಪ್ ಸ್ಟವ್, ಕಿಟಕಿಗೆ ಹೂವಿನ ಪರದೆ. ಬ್ರಹ್ಮಾವರದಲ್ಲಿ ಅದನ್ನು ನೋಡಲು ಜನ ಅಂಗಡಿ ಬಿಟ್ಟು ಬಂದರು.

ಅಳಿಯಸಂತಾನದ ಮನೆ. ಸೋದರಮಾವ ಹೇಳಿದ್ದೇ ಕೊನೆಯ ಮಾತು. ಬಾರಕೂರಿನ ಕೋಟೆ, ಬಸರೂರಿನ ಹಳೇ ಬಂದರು ಎಲ್ಲ ತೋರಿಸುತ್ತೇನೆ, ಐದನೇ ದಿನ ಬೈಂದೂರಿನ ಬಂಗಲೆಯಲ್ಲಿ ಊಟ ಎಂದರು. ಆ ಊಟಕ್ಕೆ ಶೇಖರ ಎಂಬ ಎಂಜಿನಿಯರನ ಮನೆಯವರು ಬರುವವರಿದ್ದರು. ಎಲೆ ಎತ್ತುವ ಮೊದಲು ಮದುವೆ ಮಾತು ಮುಗಿಯಬೇಕು. ಕುಸುಮಾವತಿಯನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ಅವಳಿಗೂ ಅನ್ನಿಸಿರಲಿಲ್ಲ.

ಆ ದಾರಿಗೆ ಆಗಿನ್ನೂ ಸೇತುವೆಗಳು ಪೂರ್ತಿ ಆಗಿರಲಿಲ್ಲ. ಎರಡು ದೋಣಿ ಜೋಡಿಸಿ, ಮೇಲೆ ಹಲಗೆ ಹಾಸಿದ ಜಂಗಲ್ ಮೇಲೆ ಜೀಪುಗಳು ಹೊಳೆ ದಾಟುತ್ತಿದ್ದವು. ಗಾಲಿಮನೆಯನ್ನು ಹತ್ತಿಸಿ ಇಳಿಸುವುದು ಎಲ್ಲರಿಂದ ಆಗುವ ಕೆಲಸವಲ್ಲ. ಹಾಗಾಗಿ ಶೆಟ್ಟರು ಬೈಂದೂರಿನವರೆಗೂ ಜೊತೆಗಿರಲೆಂದು ಗಂಗೊಳ್ಳಿಯ ಮೀನುಗಾರರ ಕೇರಿಯ ಸೂರನನ್ನು ಕರೆಸಿದ್ದರು.

ಸೀತಾ ಹೊಳೆಯ ದಡದಲ್ಲಿ ಅವನು ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡ. ಪಾಪ, ಬಾಯಾರಿದೆ ಎಂದುಕೊಂಡು ಕುಸುಮಾವತಿ ಗಾಲಿಮನೆಯಿಂದ ಕುಡಿಯುವ ನೀರಿನ ಚೊಂಬು ತಂದು ಅವನ ಕೈಗೇ ಕೊಟ್ಟಳು. ಅವನು ಬಾಯಲ್ಲಿದ್ದುದನ್ನು ಪಕ್ಕಕ್ಕೆ ಉಗುಳಿ ನಕ್ಕ.

"ಬಾಯಾರ್ಕಿ ಅಲ್ಲ ಅಮ್ಮ. ಹೊಳಿ ಎಂತ ಹೇಳತ್ತ್ ಅಂದ್ ಕೇಂಬುದ್."

"ಎಂತ ಹೇಳ್ತ್?"

"ನೀವ್ ಚೊಂಬ್ ತರ್ತ್ರಿ ಅಂದಿತ್."

ನೀರಿನ ಉಪ್ಪು ಏರುತ್ತಿದ್ದರೆ ಭರತ, ಸಪ್ಪೆಯಾಗುತ್ತ ಬಂದರೆ ಇಳಿತ ಎಂದು ಆಮೇಲೆ ಹೇಳಿದ. ಅವನ ಅಪ್ಪ ಅವನಿಗೆ ಕಲಿಸಿದ್ದು ನಾಲಗೆಯ ಮೇಲೆ. ಚೊಂಬಿನ ನೀರನ್ನೂ ಕುಡಿದ, ಅವಳ ಮನಸ್ಸು ನೋಯಬಾರದೆಂದು. ಮಾವನ ಹೆಂಡತಿ ಗುಲಾಬಿ ಅತ್ತೆ ಕಿಟಕಿಯಿಂದ ನೋಡುತ್ತಿದ್ದರು. ಆ ಚೊಂಬು ಮತ್ತೆ ಗಾಲಿಮನೆಯೊಳಗೆ ಬರಲಿಲ್ಲ, ದಡದಲ್ಲೇ ಉಳಿಯಿತು.

ಸೂರನಿಗೂ ಒಳಗೆ ಜಾಗವಿರಲಿಲ್ಲ. ಜೀಪಿಗೂ ಗಾಲಿಮನೆಗೂ ನಡುವಿನ ಕೊಂಡಿಯ ಮೇಲೆ ಕೂತು ಬರುತ್ತಿದ್ದ. ಅವನ ತಲೆಯ ಮೇಲೇ ಮುಂದಿನ ಕಿಟಕಿ. ಕುಸುಮಾವತಿ ಅಲ್ಲಿ ಕೂರತೊಡಗಿದಳು. ಗಾಳಿಗೆಂದು ಅತ್ತೆಗೆ ಹೇಳಿದಳು.

ಅವನು ಹಿಂದೆ ತಿರುಗುತ್ತಿರಲಿಲ್ಲ. ಅವನ ಕುತ್ತಿಗೆಯ ಬೆವರು, ಕಿವಿಯ ಹಿಂದಿನ ಒಂದು ಗಾಯದ ಗುರುತು, ನಗುವಾಗ ಮೇಲೆದ್ದು ಕೂರುವ ಭುಜ, ಇಷ್ಟನ್ನೇ ಅವಳು ಮೂರು ದಿನ ಓದಿದಳು. ಒಮ್ಮೆ ಅವನ ತಲೆಯ ಮೇಲೆ ನೆಲಗಡಲೆ ಸಿಪ್ಪೆ ಉದುರಿಸಿದಳು. ಅವನು ತಲೆ ಕೊಡವಲಿಲ್ಲ. ಕೋಟದವರೆಗೂ ಹಾಗೆಯೇ ಹೊತ್ತುಕೊಂಡು ಬಂದ.

ಬಾರಕೂರಿನಲ್ಲಿ ಮಾವ ರಾಜರ ಕಥೆ ಹೇಳಿದರು. ಎಷ್ಟು ಹಡಗು, ಎಷ್ಟು ಮೆಣಸು, ಯಾವ ಯಾವ ದೇಶ. ಸಂಜೆ ಸೂರ ಕಿಟಕಿಯ ಕೆಳಗಿಂದ ಮೆಲ್ಲಗೆ ಕೇಳಿದ:

"ರಾಜ್ರ ಹಡ್ಗ್ ಅಂಬ್ರ್. ಹುಟ್ಟ್ ಹಾಕ್ದವ್ರ್ ಯಾರಂಬ್ರ್?"

ಅವಳ ಶಾಲೆಯ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಬಿದ್ದ ಕೋಟೆಯ ಕಲ್ಲು ನೋಡಿ ಅಳು ಬಾರದಿದ್ದವಳಿಗೆ ಆ ಪ್ರಶ್ನೆಗೆ ಕಣ್ಣು ತುಂಬಿತು.

ನಾಲ್ಕನೇ ದಿನ ಬಸರೂರಿನಿಂದ ಮರಳುವಾಗ ಬೈಂದೂರಿನ ಊಟ ಯಾಕೆಂದು ಅವಳೇ ಹೇಳಿದಳು. ಅವನ ಭುಜ ಅಲುಗಾಡಲಿಲ್ಲ. ಗಂಡು ಒಳ್ಳೆಯವನಾ ಎಂದು ಕೇಳಿದ. ಗೊತ್ತಿಲ್ಲ ಎಂದಳು. ಅವನು ಕೈಯನ್ನು ತಲೆಯ ಮೇಲಿಂದ ಹಿಂದಕ್ಕೆ ಚಾಚಿ ಕಿಟಕಿಯ ಅಂಚು ಹಿಡಿದುಕೊಂಡ. ಅವಳು ತನ್ನ ಬೆರಳುಗಳನ್ನು ಅದರ ಮೇಲಿಟ್ಟಳು. ಕುಂದಾಪುರ ಬರುವವರೆಗೂ ಇಬ್ಬರೂ ಕೈ ತೆಗೆಯಲಿಲ್ಲ.

ಐದನೇ ದಿನ ಬೆಳಕು ಹರಿಯುವಾಗ ಅವಳು ಹೊಳೆಯ ಮೆಟ್ಟಿಲಿಗೆ ಬಂದಳು. ಇದು ಕೊನೆಯ ದೊಡ್ಡ ಹೊಳೆ. ಸೂರ ಆಗಲೇ ಮೊಣಕಾಲು ನೀರಿನಲ್ಲಿದ್ದ. ನೀರು ಬಾಯಿಗೆ ಹಾಕಿ ಹುಬ್ಬು ಗಂಟಿಕ್ಕಿದ. ಮತ್ತೊಂದು ಬೊಗಸೆ ಎತ್ತಿ ಅವಳ ಮುಂದೆ ಹಿಡಿದ. ಅವಳು ಬಗ್ಗಿ ಅವನ ಕೈಯಿಂದಲೇ ಕುಡಿದಳು.

"ಸಪ್ಪಿ," ಎಂದಳು.

"ಇಳ್ತ ಸುರು ಆಯ್ತ್. ಮಧ್ಯಾಹ್ನದೊರಿಗೆ ಹೋಪುಕ್ ಆತಿಲ್ಲೆ, ಕುಸ್ಮಾ."

ಅಮ್ಮ ಎನ್ನುವುದನ್ನು ಬಿಟ್ಟು ಅವನು ಹೆಸರು ಹಿಡಿದದ್ದು ಅದೇ ಮೊದಲು.

"ಹಾಂಗಾರೆ ಮಧ್ಯಾಹ್ನದೊರಿಗೆ ನಂಗ್ ಸಮಯ ಸಿಕ್ತಲ್ಲ," ಎಂದಳು ಅವಳು. ಕಟ್ಟಿ ಹಾಕಿದ ಜಂಗಲ್‌ನ ಮರೆಯಲ್ಲಿ ಮುಖವೆತ್ತಿ ಅವನ ತುಟಿಗೆ ತುಟಿಯಿಟ್ಟಳು. ಉಪ್ಪಿಲ್ಲದ ನೀರು, ವೀಳ್ಯದೆಲೆಯ ಖಾರ. ಅಷ್ಟೇ. ಅವನು ಕಣ್ಣು ಮುಚ್ಚಿರಲಿಲ್ಲ. ಮುಚ್ಚಿದರೆ ಅವಳು ಇರುವುದಿಲ್ಲ ಎಂದು ಹೆದರಿದವನಂತೆ ನೋಡುತ್ತಲೇ ಇದ್ದ.

ಹತ್ತು ಗಂಟೆಗೆ ಮಾವ ಗಡಿಯಾರ ನೋಡಿದರು. ಗಂಡಿನವರು ಬೈಂದೂರಿನಲ್ಲಿ ಕಾಯುತ್ತಿರುತ್ತಾರೆ, ಈಗಲೇ ದಾಟಿಸು, ಜೀಪು ಗಾಲಿಮನೆ ಎರಡನ್ನೂ ಒಟ್ಟಿಗೆ ಎಂದರು. ಭರತಕ್ಕೆ ಕಾಯಬೇಕು, ಕೊಂಡಿ ಬಿಚ್ಚಿ ಎರಡು ಸಲ ಒಯ್ಯಬೇಕು ಎಂದು ಸೂರ ಹೇಳಿದ. ಹೊಳೆಯ ಪಾಠ ನಿನ್ನಿಂದ ಕಲಿಯಬೇಕಾ ಎಂದರು ಮಾವ. ಕಡವಿನ ಗುತ್ತಿಗೆದಾರ ತನ್ನ ಸ್ನೇಹಿತ, ನಾಳೆಯಿಂದ ಈ ಕಡವಿನಲ್ಲಿ ನೀನೂ ಇಲ್ಲ, ನಿನ್ನ ಕೇರಿಯವರು ಯಾರೂ ಇಲ್ಲ ಎಂದರು.

ಸೂರ ಅವಳ ಕಡೆ ನೋಡಿದ. ಇಳಿತ ಹೌದು ಎಂದು ಹೇಳಬಲ್ಲ ಇನ್ನೊಂದು ನಾಲಗೆ ಅಲ್ಲಿ ಅವಳದೊಂದೇ ಇತ್ತು. ಹೇಳಿದರೆ, ನಿನಗೆ ಹೇಗೆ ಗೊತ್ತು ಎಂದು ಮಾವ ಕೇಳುತ್ತಾರೆ. ಕುಸುಮಾವತಿ ಸೆರಗಿನ ತುದಿ ಹಿಡಿದು ಸುಮ್ಮನೆ ನಿಂತಳು.

ಅವನು ಗಳ ಎತ್ತಿಕೊಂಡ.

ದಡದಲ್ಲೇ ಉಳಿದ ಮನೆಯವರ ಕಣ್ಣೆದುರಿಗೆ, ನಡುಹೊಳೆಯಲ್ಲಿ ನೀರು ಜಂಗಲನ್ನು ಕಡಲಿನ ಕಡೆಗೆ ಎಳೆಯಿತು. ಗಾಲಿಮನೆ ಹಿಂದಕ್ಕೆ ಜಾರಿತು. ಅದು ಜೀಪನ್ನೂ, ಜೀಪಿನೊಳಗಿದ್ದ ಡ್ರೈವರನ್ನೂ ಎಳೆದುಕೊಂಡು ಹೋಗುವುದರಲ್ಲಿತ್ತು. ಸೂರ ಓಡಿ ಬಂದು ಕೊಂಡಿ ಬಿಚ್ಚಿದ. ಜೀಪು ಉಳಿಯಿತು, ಡ್ರೈವರ್ ಉಳಿದ. ಹೂವಿನ ಪರದೆಯ ಆ ಮನೆ ಸೂರನನ್ನು ಕೆಳಗಿಟ್ಟುಕೊಂಡು ಮುಳುಗಿತು.

ಮೂರು ಗಂಟೆಗೆ ಭರತದ ನೀರು ಅವನನ್ನು ಮರಳಿ ತಂದಿತು.

ಈಗ ಕಡವಿನ ಚಪ್ಪರದಡಿಯಲ್ಲಿ ಬೆಂಚು ಹಾಕಿ ದಫೇದಾರರು ಕೂತಿದ್ದರು. ಆಗ ಜಿಲ್ಲೆಯಲ್ಲಿ ಪಾನನಿಷೇಧ. ಕುಡಿದವ ಸತ್ತರೂ ಅಪರಾಧಿಯೇ. ಡ್ರೈವರ್ ತಲೆ ತಗ್ಗಿಸಿ ಸಹಿ ಹಾಕಿಯಾಗಿತ್ತು. ಬೆಳ್ಳಿ ಎಂಬ ಸೂರನ ತಾಯಿ ಮೀನು ಮಾರುತ್ತಿದ್ದಲ್ಲಿಂದ ಹಾಗೆಯೇ ಎದ್ದು ಬಂದಿದ್ದಳು. ಕೈಗೆ ಇನ್ನೂ ಮೀನಿನ ಪೊರೆ ಅಂಟಿತ್ತು. ಮಗನ ಪಕ್ಕ ಕೂತು, ಅವ ಕುಡೀತಿರ್ಲಿಲ್ಲೆ, ಹಾಂಗೆ ಬರೀಬೇಡಿ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ದಫೇದಾರರು ತಲೆಯೆತ್ತಲಿಲ್ಲ.

ಕುಸುಮಾವತಿಯ ಮುಂದೆ ಕಾಗದ ಬಂತು. ಅವಳು ಓದಿದಳು.

"ಅವ ಕುಡೀಲಿಲ್ಲೆ."

"ನಿಮಗೆ ಹೇಗೆ ಗೊತ್ತು?" ಎಂದರು ದಫೇದಾರರು.

"ಬೆಳಿಗ್ಗೆ ಅವ್ನಿಗ್ ಮುತ್ತ್ ಕೊಟ್ಟಿದ್ದೆ. ಅವ್ನ್ ಬಾಯಂಗ್ ಕಳ್ಳಿನ್ ವಾಸ್ನಿ ಇರ್ಲಿಲ್ಲೆ."

ಗುಲಾಬಿ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಬೆಳ್ಳಿ ಹೇಳುತ್ತಿದ್ದುದನ್ನು ನಿಲ್ಲಿಸಿ ಮೊದಲ ಸಲ ಅವಳ ಮುಖ ನೋಡಿದಳು.

ಮಾವ ಸಿಟ್ಟಾಗಲಿಲ್ಲ. ಹತ್ತಿರ ಬಂದು, ಸಣ್ಣವಳಿದ್ದಾಗ ಜ್ವರ ಬಂದರೆ ಮಾತಾಡಿಸುತ್ತಿದ್ದ ಅದೇ ದನಿಯಲ್ಲಿ ಮಾತಾಡಿದರು. ಈ ಮಾತು ಇಲ್ಲೇ ಇರಲಿ. ಅವ ಕುಡಿದಿದ್ದ ಎಂದು ನೀನು ಹೇಳುವುದೂ ಬೇಡ. ನಾನು ಏನನ್ನೂ ನೋಡಲಿಲ್ಲ ಎಂದು ಒಂದು ಸಾಲು ಸಾಕು, ದಫೇದಾರರು ಬೇರೆ ಕಾಗದ ಬರೆಯುತ್ತಾರೆ. ಶೇಖರನ ಮನೆಯವರಿಗೆ ಆಳು ಕಳಿಸಿದ್ದೇನೆ, ಅವರು ನಾಳೆಯವರೆಗೂ ಇರುತ್ತಾರೆ.

ಬೇರೆ ಕಾಗದವೂ ಬಂತು. ಒಂದೇ ಸಾಲು. ಅದರಲ್ಲಿ ಸೂರನ ಹೆಸರೇ ಇರಲಿಲ್ಲ.

"ನಾ ಕಂಡಿದ್ದೆ ಮಾವ," ಎಂದಳು ಕುಸುಮಾವತಿ. "ಇಳ್ತ ಅಂದೂ ಗೊತ್ತಿದ್ದಿತ್ತ್. ಬಾಯಿ ಮುಚ್ಕಂಡ್ ನಿಂತಿದ್ದೆ. ಅದ್ನೂ ಬರೀಲಿ."

ಮಾವ ಮುಚ್ಚಳ ತೆಗೆದು ಪೆನ್ನನ್ನು ಅವಳ ಬೆರಳುಗಳ ನಡುವೆ ಇಟ್ಟರು.

"ಸೈ ಹಾಕ್, ಮಗಾ."

ಅವಳು ಪೆನ್ನನ್ನು ಬೆಂಚಿನ ಮೇಲಿಟ್ಟಳು.

"ಹಾಕ್ತಿಲ್ಲೆ."