ಭಾಗವಾಗದ ಕೀಲಿ

"ಭಾವ, ಕೈ ಅಲ್ಲಾಡಿಸ್ಬೇಡಿ!"

ನನ್ನಿಂದ ಆಗುತ್ತಿದ್ದದ್ದು ಅಷ್ಟೇ ಸರ್. ಪ್ರೈವೇಟ್ ಡಿಟೆಕ್ಟಿವ್ ನಾನು... ಕುರ್ಚಿಗೆ ಬಿಗಿದಿದ್ದರು! ಎದುರಿಗೆ ನನ್ನ ಅಕ್ಕನ ಗಂಡ. ಅವರ ಬಲಗೈಯನ್ನು ಸ್ಟೀಮ್ ಪ್ರೆಸ್ಸಿನ ಹಲಗೆಗೆ ಕಟ್ಟಿದ್ದರು. ಅದರ ಮೇಲೆ ಬುಸುಗುಡುವ ಕಾದ ತಟ್ಟೆ!

ಪೆಡಲ್ ಮೇಲೆ ಕಾಲಿಟ್ಟವನು ಲಾಂಡ್ರಿ ಓನರ್. ಎಲ್ಲರೂ ಕರೆಯುವುದು 'ಇಸ್ತ್ರಿ' ಅಂತ. ಬಟ್ಟೆಗೆ ಮಾತ್ರ ಅಂದುಕೊಳ್ಳಬೇಡಿ.

ಸತ್ತುಹೋದ ಅವನ ಪಾರ್ಟ್ನರ್ ಮಹಡಿಯ ಲಾಕರ್‌ಗೆ ಮುನ್ನೂರು ಅಂಕಿಯ ನಂಬರೊಂದನ್ನು ಹಾಕಿಟ್ಟಿದ್ದ. ಯಾವ ಎರಡು ಸಂಖ್ಯೆ ಗುಣಿಸಿದರೆ ಅದು ಬರುತ್ತದೋ, ಅವೇ ಕೀಲಿ. ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ಭಾವನನ್ನು ಇಸ್ತ್ರಿಯ ಹುಡುಗರು ಕ್ಲಾಸಿನಿಂದಲೇ ಎತ್ತಿಕೊಂಡು ಬಂದಿದ್ದರು. ಬೈಕಿನಲ್ಲಿ ಬೆನ್ನಟ್ಟಿ ಬಂದ ನಾನು ನೇರ ಅವರ ಕೈಗೇ ಬಿದ್ದಿದ್ದೆ.

"ಮೇಷ್ಟ್ರೇ, ಎರಡು ನಂಬರ್. ಬೇಗ!"

"ಇಲ್ಲಪ್ಪಾ. ಇದು ಪ್ರೈಮ್. ಅವಿಭಾಜ್ಯ. ಭಾಗ ಆಗಲ್ಲ."

"ಇಷ್ಟುದ್ದ ಇದೆ! ಯಾವುದರಿಂದಲೂ ಆಗಲ್ವಾ?"

"ಉದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಪ್ರೈಮ್‌ಗಳಿಗೆ ಕೊನೇನೇ ಇಲ್ಲ. ನಿನ್ನ ಲ್ಯಾಪ್‌ಟಾಪಲ್ಲೇ ಟೆಸ್ಟ್ ಮಾಡಿ ತೋರಿಸಿದೆನಲ್ಲ... ನಿನ್ನ ಪಾರ್ಟ್ನರ್ ಬೇಕಂತಲೇ ಹೀಗೆ ಮಾಡಿದ್ದಾನೆ. ಇದು ತೆಗೆಯೋಕೆ ಹಾಕಿರೋ ಬೀಗ ಅಲ್ಲ."

"ಯಾರ ಕಿವಿ ಮೇಲೆ ಹೂ ಇಡ್ತೀರ್ರೀ?"

ತಟ್ಟೆ ಗೇಣುದ್ದ ಇಳಿಯಿತು.

"ಭಾವ, ಯಾವುದಾದ್ರೂ ಎರಡು ಹೇಳ್ಬಿಡಿ!"

"ಗುಣಿಸಿ ನೋಡ್ತಾನೆ ಕಣೋ. ಗುಣಿಸೋದು ಸುಲಭ."

ಇಲ್ಲದ್ದನ್ನು ಎಲ್ಲಿಂದ ತರಲಿ ಸರ್? ಚಾಕು ಹಿಡಿದವನ ಕೈ ತಿರುಚಿದ್ದೇನೆ. ಗನ್ ಹಿಡಿದವನನ್ನು ಮಾತಿನಲ್ಲೇ ಕೂರಿಸಿದ್ದೇನೆ. ಒಂದು ನಂಬರಿನ ಮುಂದೆ ಕೈಕಾಲೇ ಆಡಲಿಲ್ಲ. ಅಳು ಬಂದುಬಿಟ್ಟಿತು.

ಆಗ ಹೊಳೆಯಿತು!

"ಒಂದು!" ಅಂತ ಕಿರುಚಿದೆ. "ಮೊದಲನೇ ಕೀಲಿ ಒಂದು! ಎರಡನೇದು ಆ ನಂಬರೇ! ಗುಣಿಸಿ ನೋಡು!"

ಗುಣಿಸಿದ. ಸರಿಯಾಗಿತ್ತು!

ಇಸ್ತ್ರಿಯ ಮುಖ ಅರಳಿತು. ಪೆಡಲ್‌ನಿಂದ ಕಾಲು ತೆಗೆದು ಮೆಟ್ಟಿಲ ಕಡೆ ಹೊರಟ. ಲಾಕರ್ ತೆರೆಯದಿದ್ದರೆ ನನಗೇನು? ಅವನು ಹೋಗಿ ಬರುವಷ್ಟು ಹೊತ್ತು ಸಾಕಿತ್ತು. ನನ್ನ ಹಗ್ಗದ ಗಂಟು ಆಗಲೇ ಸಡಿಲವಾಗಿತ್ತು.

ಭಾವ ಗಂಟಲು ಸರಿಮಾಡಿಕೊಂಡರು... ಕ್ಲಾಸಿನಲ್ಲಿ ಮಾಡುವ ಹಾಗೆ.

"ಅದು ಲೆಕ್ಕಕ್ಕೆ ಬರಲ್ಲಪ್ಪಾ. ಒಂದನ್ನ ಬಿಟ್ಟು ಹೇಳಬೇಕು. ಒಂದರಿಂದ ಎಲ್ಲಾ ಸಂಖ್ಯೆನೂ ಭಾಗ ಆಗುತ್ತೆ."

ಇಸ್ತ್ರಿ ತಿರುಗಿ ಬಂದ.

ನಾನು ಕಣ್ಣು ಮುಚ್ಚಿಕೊಂಡೆ. ಕಿವಿ ಮುಚ್ಚಲು ಕೈ ಇನ್ನೂ ಹಗ್ಗದಿಂದ ಬಿಡಿಸಿಕೊಂಡಿರಲಿಲ್ಲ ಸರ್... ಆ ಚೀರಾಟದ ನಡುವೆಯೂ ಭಾವ ಹೇಳಿದ್ದು ಅದೇ ಮಾತು. "ಭಾಗ ಆಗಲ್ಲ!" ಆಮೇಲೆ ಇಸ್ತ್ರಿ ನಂಬಿದ. ಇಬ್ಬರನ್ನೂ ಹಿಂಬಾಗಿಲಿನಿಂದ ಆಚೆ ದಬ್ಬಿಸಿದ.

ಭಾವ ಈಗ ಎಡಗೈಯಲ್ಲಿ ಬೋರ್ಡ್ ಮೇಲೆ ಬರೆಯಲು ಕಲಿಯುತ್ತಿದ್ದಾರೆ. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮದುವೆಗೆ ಮುಂಚೆ ಗಂಡಿನ ಬಗ್ಗೆ ವಿಚಾರಿಸಿಕೊಂಡು ಬಾ ಅಂತ ಕಳಿಸಿದ್ದವಳೂ ಅವಳೇ. ಅದು ನನ್ನ ಮೊದಲ ಕೇಸ್! ಬಂದು ಒಂದೇ ಮಾತು ಹೇಳಿದ್ದೆ:

"ಕಣ್ಣು ಮುಚ್ಕೊಂಡು ಒಪ್ಕೋ ಅಕ್ಕಾ... ಆ ಮನುಷ್ಯನಿಗೆ ಸುಳ್ಳು ಹೇಳೋಕೇ ಬರಲ್ಲ!"